ನಾಚಿಕೆಗುಬ್ಬಿಗೆ ಆಧಾರ

ಬುಧವಾರದ ಮೂರನೆಯ ಪೀರಿಯಡ್ ಏಳನೆಯ ತರಗತಿಗೆ ಲೈಬ್ರರಿ. ಅದು ಮೊದಲು ಆಟದ ಸಾಮಾನು ಇಡುತ್ತಿದ್ದ ಕೋಣೆ. ಪುಸ್ತಕಗಳು ಬಂದು ಇಪ್ಪತ್ತು ವರ್ಷವಾಗಿದ್ದರೂ ಮೋಡ ಕವಿದ ದಿನ ಹಳೆಯ ಚೆಂಡುಗಳ ಚರ್ಮದ ವಾಸನೆ ಗೋಡೆಯಿಂದ ಹೊರಗೆ ಬರುತ್ತಿತ್ತು. ಆ ಕೋಣೆಯ ಯಜಮಾನಿಗೆ ಅರವತ್ತೈದು ತುಂಬಿತ್ತು. ನಿವೃತ್ತಿಯಾಗಿ ಐದು ವರ್ಷ ಕಳೆದರೂ ಶಾಲೆಗೆ ಬೇರೆ ಯಾರೂ ಸಿಗದೆ, ಆಕೆಗೂ ಮನೆಯಲ್ಲಿ ಸುಮ್ಮನೆ ಕೂರಲು ಆಗದೆ, ಬೀಗದ ಕೈ ಇನ್ನೂ ಆಕೆಯ ಸೊಂಟದಲ್ಲೇ ಇತ್ತು. ಮಕ್ಕಳು ಎದುರಿಗೆ ಟೀಚರ್ ಎನ್ನುತ್ತಿದ್ದರು. ಬೆನ್ನ ಹಿಂದೆ ಎಲ್ಲಿಂದಮ್ಮ. ಯಾವ ಮಗು ಏನು ಬರೆದು ತಂದರೂ ಆಕೆ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಎಲ್ಲಿಂದ ತಂದೆ?"

ಆ ವರ್ಷ ಆಕೆ ಮಕ್ಕಳಿಗೆ ಮೂರು ನಿಯಮ ಕಲಿಸಿದ್ದಳು. ಇನ್ನೊಬ್ಬರ ಮಾತು ತೆಗೆದುಕೊಂಡರೆ ಅವರ ಹೆಸರು ಹೇಳಬೇಕು. ಇಡಿಯಾಗಿ ತೆಗೆದುಕೊಳ್ಳುವುದಾದರೆ ಕೇಳಿ ತೆಗೆದುಕೊಳ್ಳಬೇಕು. ಯಾರದೆಂದೇ ಗೊತ್ತಾಗದಿದ್ದರೆ ಮುಟ್ಟದೆ ಅಲ್ಲೇ ಬಿಡಬೇಕು. ಕೆಳಗೆ 'ಆಧಾರ' ಎಂದು ಬರೆದು, ಎಲ್ಲಿ ಸಿಕ್ಕಿತು, ಯಾರು ಹೇಳಿದರು, ಯಾವತ್ತು, ಎಲ್ಲವನ್ನೂ ನಮೂದಿಸಬೇಕು.

ಮಕ್ಕಳಿಗೆ ಇದು ಹೊಸ ಆಟಿಕೆ ಸಿಕ್ಕ ಹಾಗಾಯಿತು. 'ನನ್ನ ತಾಯಿ' ಎಂಬ ಪ್ರಬಂಧದ ಕೆಳಗೆ ಒಬ್ಬ, "ಆಧಾರ: ನನ್ನ ತಾಯಿ, ಅಡುಗೆಮನೆ, ಬೆಳಿಗ್ಗೆ ಏಳೂವರೆ. ಕೋಪದಲ್ಲಿದ್ದರು" ಎಂದು ಬರೆದ. ಹೊಟ್ಟೆನೋವಿನ ರಜಾ ಚೀಟಿಯಲ್ಲಿ ಇನ್ನೊಬ್ಬಳು, "ಆಧಾರ: ಹೊಟ್ಟೆ" ಎಂದಳು. ಗಣಿತದ ಮೇಡಂ ಮಾತ್ರ ಒಂದು ದಿನ ಉತ್ತರ ಪತ್ರಿಕೆ ಹಿಡಿದು ಬುಸುಗುಡುತ್ತ ಲೈಬ್ರರಿಗೇ ಬಂದರು.

"ನೋಡಿ ನಿಮ್ಮ ಪಾಠದ ಫಲ! 'ಉತ್ತರ ನಲವತ್ತೆರಡು. ಆಧಾರ: ಮುಂದಿನ ಬೆಂಚು, ಬಲಗಡೆ.' ಈಗ ಇದಕ್ಕೆ ನಾನು ಮಾರ್ಕ್ಸ್ ಕೊಡಲೋ, ಬೆನ್ನಿಗೆ ಕೊಡಲೋ?"

"ಉತ್ತರ ಸರಿಯಿದೆಯಾ?"

"ತಪ್ಪು!"

"ಹಾಗಾದ್ರೆ ಮುಂದಿನ ಬೆಂಚನ್ನೂ ಕರೆಸಿ" ಎಂದು ಎಲ್ಲಿಂದಮ್ಮ ನಕ್ಕಳು. ಗಂಡ ತೀರಿಕೊಂಡ ಮೇಲೆ ಆಕೆ ಶಾಲೆಯಲ್ಲಿ ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಗಣಿತದ ಮೇಡಂಗೂ ಅದು ಗೊತ್ತಾಗಿ, ಸಿಟ್ಟು ಅಲ್ಲೇ ಇಳಿದು, ಒಂದು ಲೋಟ ನೀರು ಕುಡಿದು ಹೋದರು.

ಆಕೆಯ ಗಂಡ ಅದೇ ಶಾಲೆಯಲ್ಲಿ ಮೂವತ್ತೈದು ವರ್ಷ ವಿಜ್ಞಾನ ಹೇಳಿಕೊಟ್ಟವರು. ಊರಿಗೆಲ್ಲ ಅವರು ಬರೀ ಮೇಷ್ಟ್ರು. ಮನೆಯಲ್ಲಿ ಆಕೆಗೂ ಮೇಷ್ಟ್ರೇ. ಅವರು ನಿವೃತ್ತರಾದ ಮೇಲೆ ಬಂದವರಿಗೆ ಆರು ವರ್ಷವಾಗಿದ್ದರೂ ಇನ್ನೂ 'ಹೊಸ ಮೇಷ್ಟ್ರು' ಎಂದೇ ಹೆಸರು. ಹಳೆಯ ಮೇಷ್ಟ್ರ ಟಿಪ್ಪಣಿ ಎಂದರೆ ಊರಲ್ಲಿ ದೊಡ್ಡ ಮಾತು. ಗಿಡ, ಹುಳು, ಹಕ್ಕಿ, ಮೈಯೊಳಗಿನ ರಕ್ತ, ಎಲ್ಲದರ ಬಗ್ಗೆ ತಿಳಿಯಾದ ನಾಲ್ಕೇ ಸಾಲು. ಅಕ್ಕನಿಂದ ತಂಗಿಗೆ, ಮಾವನಿಂದ ಅಳಿಯನಿಗೆ ಕೈಬರಹದಲ್ಲೇ ದಾಟಿ ದಾಟಿ ನಲವತ್ತು ವರ್ಷ ಓಡಿದ ಟಿಪ್ಪಣಿ ಅದು. ಅವರು ತೀರಿಕೊಂಡ ವರ್ಷ ತುಂಬುವ ದಿನಕ್ಕೆ ಅದನ್ನು ಪುಸ್ತಕ ಮಾಡಬೇಕೆಂದು ಶಾಲೆ ತೀರ್ಮಾನಿಸಿತ್ತು. ರಟ್ಟಿನ ಮೇಲೆ ಅವರ ಹೆಸರು. ಎಲ್ಲಿಂದಮ್ಮನಿಗೆ ಈ ಲೋಕದಲ್ಲಿ ಇನ್ನು ಬೇಕಾಗಿದ್ದುದು ಅದೊಂದೇ. ಬೆಳಿಗ್ಗೆ ದೀಪ ಹಚ್ಚಿ ಕೈಮುಗಿಯುವಾಗ ಬೇರೇನೂ ಕೇಳುತ್ತಿರಲಿಲ್ಲ. "ಆ ಪುಸ್ತಕ ಒಂದು ಕಣ್ಣಿಗೆ ಬೀಳಿಸಪ್ಪ, ಆಮೇಲೆ ನಿನ್ನಿಷ್ಟ" ಎನ್ನುತ್ತಿದ್ದಳು.

ಅನುಮತಿ ಪತ್ರಕ್ಕೆ ಆಕೆ ಸಹಿ ಹಾಕಿದ್ದು ತರಗತಿಯಲ್ಲೇ, ಮಕ್ಕಳ ಎದುರಿಗೆ. ಹಕ್ಕುಸ್ವಾಮ್ಯ ಎಂದರೇನೆಂದು ತೋರಿಸಲು ಅದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗಬೇಕು?

ತರಗತಿಯಲ್ಲಿ ವಕೀಲ ಎಂದು ಕರೆಸಿಕೊಳ್ಳುವ ಹುಡುಗನೊಬ್ಬನಿದ್ದ. ಊಟದ ಗಂಟೆ ಹೊಡೆದರೂ ವಾದ ಮುಗಿಸದೆ ಏಳುವವನಲ್ಲ. ಅವನು ಕೈಯೆತ್ತಿದ. "ಟೀಚರ್, ಬರೆದವರು ಸತ್ತ ಮೇಲೂ ಬರೆದಿದ್ದು ಅವರದೇನಾ?"

ಪಕ್ಕದ ಹುಡುಗಿ ಅವನ ತೊಡೆಗೆ ಚಿವುಟಿದಳು.

"ಅವರ ಮನೆಯವರದು ಕಣೋ. ತುಂಬಾ ವರ್ಷ" ಎಂದು ಎಲ್ಲಿಂದಮ್ಮ ಹೇಳಿ, ಕಾಗದವನ್ನು ಮಡಚಿ, ಚಿವುಟಿದವಳ ಕಡೆಗೆ ತಿರುಗಿದಳು. "ಅವನು ಸರಿಯಾಗೇ ಕೇಳಿದ. ಚಿವುಟಬೇಡ."

ಪುಸ್ತಕದ ಒಂದೊಂದು ಸಂಗತಿಯನ್ನೂ ಬೇರೆ ಪುಸ್ತಕಗಳಲ್ಲಿ ಹುಡುಕಿ ಆಧಾರ ಬರೆಯುವ ಕೆಲಸವನ್ನು ಏಳನೆಯ ತರಗತಿಗೇ ಒಪ್ಪಿಸಲಾಗಿತ್ತು. ಅಚ್ಚಿಗೆ ಸಿದ್ಧಪಡಿಸಿದ್ದು ಹೆಡ್‌ಮೇಡಂ ತಮ್ಮ ಶಾಲಾ ದಿನಗಳಲ್ಲಿ ಇದೇ ಊರಲ್ಲಿ ಬರೆದುಕೊಂಡಿದ್ದ ಪ್ರತಿ. ಮೂರು ವಾರ ಎಲ್ಲವೂ ಸುಗಮವಾಗಿ ಸಾಗಿತು. ನಾಲ್ಕನೆಯ ಬುಧವಾರ, ಚಿವುಟಿದ ಅದೇ ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. ಅವಳಿಗೆ ಎರಡು ಜಡೆ ಎಂದು ಅಡ್ಡಹೆಸರು. ಯೋಚನೆ ಹತ್ತಿದರೆ ಎರಡರಲ್ಲಿ ಒಂದು ಜಡೆ ಬಾಯಲ್ಲಿರುತ್ತಿತ್ತು. ಈಗಲೂ ಇತ್ತು.

"ಟೀಚರ್, ಈ ಹಕ್ಕಿ ಯಾವ ಪುಸ್ತಕದಲ್ಲೂ ಇಲ್ಲ."

"ಜಡೆ ಬಿಟ್ಟು ಮಾತಾಡು. ಯಾವ ಹಕ್ಕಿ?"

ಹುಡುಗಿ ಓದಿದಳು. "'ನಾಚಿಕೆಗುಬ್ಬಿ: ಸಾಮಾನ್ಯ ಗುಬ್ಬಿಯ ಜಾತಿಯದೇ. ಯಾರಾದರೂ ನೋಡುತ್ತಿದ್ದರೆ ಬೆನ್ನು ತಿರುಗಿಸಿಕೊಂಡು ತಿನ್ನುತ್ತದೆ.' ಹಕ್ಕಿಗಳ ಪುಸ್ತಕ ನಾಲ್ಕೂ ನೋಡಿದೆ. ವಿಶ್ವಕೋಶ ನೋಡಿದೆ. ಕಂಪ್ಯೂಟರ್ ಕೋಣೇಲೂ ಹುಡುಕಿದೆ. ಈ ಹಕ್ಕಿಯೇ ಇಲ್ಲ ಟೀಚರ್."

ಆ ಹೆಸರು ಎಲ್ಲೋ ಕೇಳಿದ ಹಾಗಿತ್ತು. ಯಾವುದೋ ಮಗು ಹೇಳಿರಬೇಕು ಎಂದುಕೊಂಡು ಎಲ್ಲಿಂದಮ್ಮ, "ಇನ್ನೊಮ್ಮೆ ಹುಡುಕು" ಎಂದಳು.

ಹುಡುಗಿ ಇನ್ನೊಮ್ಮೆ ಹುಡುಕಿದಳು. ಹಕ್ಕಿ ಸಿಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಸಿಕ್ಕಿತು. ಟಿಪ್ಪಣಿಯ ಕಪ್ಪೆಯ ಪಾಠ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಲೈಬ್ರರಿಯ ಕೆಳಗಿನ ಕಪಾಟಿನಲ್ಲಿದ್ದ ಒಂದು ಹಳೆಯ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿತ್ತು. ಒಂದು ಅಕ್ಷರವೂ ಬೇರೆಯಿರಲಿಲ್ಲ. ಟಿಪ್ಪಣಿಯಲ್ಲಿ ಆ ಪುಸ್ತಕದ ಹೆಸರೇ ಇಲ್ಲ.

ಮರುದಿನ ಹೆಡ್‌ಮೇಡಂ ಕೋಣೆಯಲ್ಲಿ ಮಾತಾಯಿತು. ಹೊಸ ಮೇಷ್ಟ್ರು ಕೆಟ್ಟವರಲ್ಲ; ತೂಕಡಿಸುವ ಮಗುವನ್ನೂ ಬೈಯದೆ ಕಿಟಕಿ ತೆರೆಯುವ ಮನುಷ್ಯ. ಹೇಳಲು ಅವರಿಗೇ ಸಂಕಟವಾಗುತ್ತಿತ್ತು.

"ಅಮ್ಮ, ದಯವಿಟ್ಟು ತಪ್ಪು ತಿಳೀಬೇಡಿ. ಒಂದು ಹಕ್ಕಿ ಕಲ್ಪನೆ, ಒಂದು ಪಾಠ ಬೇರೆಯವರದು. ಇನ್ನೆಷ್ಟಿದೆಯೋ ಯಾರಿಗೆ ಗೊತ್ತು? ಇದನ್ನ ಅವರ ಹೆಸರಲ್ಲಿ ಅಚ್ಚು ಹಾಕಿದ್ರೆ ನಾಳೆ ಜನ ಏನಂತಾರೆ?"

"ನಾನೇ ಪರೀಕ್ಷೇಲಿ ನಾಚಿಕೆಗುಬ್ಬಿ ಬರ್ದಿದ್ದೆ ಕಣ್ರೀ" ಎಂದರು ಹೆಡ್‌ಮೇಡಂ, ಹಣೆ ಒತ್ತಿಕೊಳ್ಳುತ್ತ. "ಪ್ರತಿ ಸಲವೂ ಅದರ ಪಕ್ಕ ಕೆಂಪು ಮಸಿಯಲ್ಲಿ 'ಎಲ್ಲಿಂದ?' ಅಂತ ಹಾಕಿ, ಪೂರ್ತಿ ಮಾರ್ಕ್ಸ್ ಕೊಡ್ತಿದ್ರು. ಮೇಷ್ಟ್ರಿಗೆ ಆ ಹಕ್ಕಿ ಅಂದ್ರೆ ಇಷ್ಟ ಅಂತ ನಾವು ಇನ್ನೂ ಜೋರಾಗಿ ಬರೀತಿದ್ವಿ." ಆಮೇಲೆ ದನಿ ತಗ್ಗಿಸಿದರು. "ಅಚ್ಚುಕೂಟದವರು ಮುಂದಿನ ಸೋಮವಾರ ಪುಟ ಕೇಳಿದಾರೆ. ಅಷ್ಟರಲ್ಲಿ ಇದು ಬಗೆಹರಿಯದಿದ್ರೆ ಪುಸ್ತಕ ನಿಲ್ಲಿಸಬೇಕಾಗತ್ತೆ. ನನಗೂ ಮನಸ್ಸಿಲ್ಲ."

ಎಲ್ಲಿಂದಮ್ಮ ಎದ್ದು ಬಂದಳು. ಯಾರದೆಂದು ಗೊತ್ತಾಗದಿದ್ದರೆ ಮುಟ್ಟದೆ ಬಿಡು ಎಂದು ಕಲಿಸಿದವಳು ತಾನೇ. ಆ ನಿಯಮ ಈಗ ತನ್ನ ಮನೆ ಬಾಗಿಲಿಗೇ ಬಂದು ನಿಂತಿತ್ತು. ನಿಯಮವನ್ನು ಒಳಗೆ ಬಿಡದೆ ಕಳಿಸುವುದು ಹೇಗೆ? ಮರುದಿನ ಬೆಳಿಗ್ಗೆ ದೇವರ ಮುಂದೆ ಕೂತು ಸ್ವಲ್ಪ ಜಗಳವನ್ನೇ ಆಡಿದಳು. "ನಲವತ್ತು ವರ್ಷ ಜೊತೇಲಿದ್ದೆ. ಅವರು ಒಂದು ಸುಳ್ಳು ಹೇಳಿದ್ದು ಕೇಳಿಲ್ಲ. ನಿನಗೆ ಗೊತ್ತಿರಬೇಕಲ್ಲ, ಹೇಳು." ಮೇಷ್ಟ್ರು ಒಮ್ಮೆ ಇದೇ ಜಾಗದಲ್ಲಿ ಕೂತು ಹೇಳಿದ್ದು ನೆನಪಾಯಿತು: ಎಲ್ಲಾ ಅವನಿಂದಲೇ ಬಂತು ಅನ್ನೋದೇನೋ ಸರಿ ಕಣೇ, ಆದ್ರೆ ನಡುವೆ ತಂದುಕೊಟ್ಟೋರ ಹೆಸರು ನಾವು ಹೇಳಬೇಕಲ್ಲ. ಹೀಗೆ ಹೇಳುವ ಮನುಷ್ಯ ಕಪ್ಪೆಯ ಪಾಠವನ್ನು ಹೆಸರಿಲ್ಲದೆ ಎತ್ತಿಕೊಂಡಾರೆ? ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಮಕ್ಕಳಿಗೆ ಕಲಿಸಿದ ಕೆಲಸವನ್ನು ತಾನೂ ಮಾಡುವುದು. ಹಿಂದಕ್ಕೆ ಹೋಗಿ ಹೋಗಿ ನೋಡುವುದು.

ಶುಕ್ರವಾರ ತರಗತಿಯಲ್ಲಿ ಹೇಳಿದಳು. "ಮೇಷ್ಟ್ರ ಟಿಪ್ಪಣಿ ಯಾರ್ಯಾರ ಮನೇಲಿ ಎಷ್ಟು ಹಳೇದು ಇದೆಯೋ ಎಲ್ಲಾ ತನ್ನಿ. ಕೇಳಿ ತನ್ನಿ, ಎಗರಿಸಿ ತರಬೇಡಿ."

ಶನಿವಾರ ಬೆಳಿಗ್ಗೆ ಏಳು ಪ್ರತಿಗಳು ಬಂದವು. ಆಸ್ಪತ್ರೆಯ ನರ್ಸ್ ಒಬ್ಬಳದು, ಬಸ್ ಕಂಡಕ್ಟರೊಬ್ಬನದು, ದರ್ಜಿಯದು. ಒಂದಕ್ಕೆ ಎಣ್ಣೆಯ ಕಲೆ, ಒಂದಕ್ಕೆ ಇಲಿಯ ಹಲ್ಲು. ಮಕ್ಕಳು ನೆಲದ ಮೇಲೆ ಹರಡಿಕೊಂಡು ಸಾಲು ಸಾಲಾಗಿ ಹೋಲಿಸಿದರು. ಏಳರಲ್ಲೂ ನಾಚಿಕೆಗುಬ್ಬಿ ಬೆನ್ನು ತಿರುಗಿಸಿಕೊಂಡು ಕೂತಿತ್ತು. ದರ್ಜಿಯ ಪ್ರತಿಯಲ್ಲಿ ಹೃದಯಕ್ಕೆ ಐದು ಕೋಣೆ ಎಂದಿತ್ತು, ಕಂಡಕ್ಟರನದರಲ್ಲೂ ಐದೇ.

"ಕಂಡಕ್ಟರ್ ಅಂಕಲ್ ದರ್ಜಿ ಅಂಕಲ್‌ದು ನೋಡಿ ಬರೆದಿದಾರೆ!" ಎಂದು ವಕೀಲ ಕೂಗಿದ. "ಬೇರೆ ಬೇರೆಯಾಗಿ ಇಬ್ಬರಿಗೂ ಅದೇ ತಪ್ಪು ಹೊಳೆಯಲ್ಲ!"

"ಇನ್ನೊಂದು ಕೋಣೆ ಬಾಡಿಗೆಗೆ ಕೊಟ್ಟಿದ್ರೇನೋ" ಎಂದಿತು ಹಿಂದಿನಿಂದ ಒಂದು ದನಿ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ತಪ್ಪುಗಳ ಜಾಡು ಹಿಡಿದು ಯಾರು ಯಾರಿಂದ ಬರೆದುಕೊಂಡರು ಎಂದು ಕರಿಹಲಗೆಯ ಮೇಲೆ ಒಂದು ವಂಶವೃಕ್ಷವೇ ಬೆಳೆಯಿತು. ತಪ್ಪೇ ಇಲ್ಲದ ಹಳೆಯ ಪ್ರತಿ ಎಂದರೆ ಹೆಡ್‌ಮೇಡಂ ಅವರದು. ಬುಡದ ಹತ್ತಿರ ಅದು ನಿಂತಿತು. ಅದರ ಕೆಳಗೆ ಏನು? ಎರಡು ಜಡೆ ಓಡಿಹೋಗಿ ಅವರನ್ನೇ ಕೈಹಿಡಿದು ಕರೆತಂದಳು.

ಹೆಡ್‌ಮೇಡಂ ಹಲಗೆಯನ್ನು ನೋಡುತ್ತ ನಿಂತರು. "ನನಗೆ ಸಿಕ್ಕಿದ್ದು ನನಗಿಂತ ಒಂದು ವರ್ಷ ಮುಂದಿದ್ದ ತರಗತಿಯವರಿಂದ. ಆ ವರ್ಷ ಮೇಷ್ಟ್ರು ಮೆಟ್ಟಿಲಿಂದ ಬಿದ್ದು ಕಾಲು ಮುರ್ಕೊಂಡು ಒಂದೂವರೆ ತಿಂಗಳು ಮಲಗಿದ್ರು. ತಮ್ಮ ಸ್ವಂತ ನೋಟ್‌ಬುಕ್ಕನ್ನ ಒಬ್ಬ ಹುಡುಗನ ಕೈಲಿ ಕೊಟ್ಟು, ದಿನಾ ಬೋರ್ಡ್ ಮೇಲೆ ಬರೆಸ್ತಿದ್ರಂತೆ. ತರಗತಿಗೆಲ್ಲ ಅವನ ಅಕ್ಷರ ಚೆನ್ನಾಗಿತ್ತು ಅಂತ."

"ಯಾರು ಮೇಡಂ ಆ ಹುಡುಗ?"

"ನಮ್ಮ ಕನ್ನಡಕದಂಗಡಿಯವನು."

ಕನ್ನಡಕದಂಗಡಿ ಶಾಲೆಯಿಂದ ಎರಡು ಬೀದಿ ಆಚೆ, ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡಿತ್ತು. ಅಗಲ ಎರಡು ಮಾರು; ಎರಡೂ ಗೋಡೆಗೆ ಕನ್ನಡಿಯಿದ್ದುದರಿಂದ ಒಳಗೆ ಹೋದ ಎಲ್ಲಿಂದಮ್ಮ, ವಕೀಲ, ಎರಡು ಜಡೆ ಮೂವರೂ ಮೂವತ್ತು ಜನರಾಗಿ ಕಂಡರು. ಅಂಗಡಿಯವನಿಗೆ ಐವತ್ತು ದಾಟಿತ್ತು. ಮಸೂರವೊಂದನ್ನು ಬಟ್ಟೆಯಿಂದ ಒರೆಸುತ್ತಿದ್ದವನು ಎಲ್ಲಿಂದಮ್ಮನನ್ನು ಕಂಡು ಎದ್ದು ನಿಂತ.

"ಅಮ್ಮಾ! ನೀವೇ ಯಾಕೆ ಬಂದ್ರಿ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ."

ವಕೀಲ ಮುಂದೆ ಬಂದು ಗಂಟಲು ಸರಿಮಾಡಿಕೊಂಡ. "ಸಾರ್, ಒಂದು ಗುಬ್ಬಿ ವಿಷಯ ಕೇಳೋದಿತ್ತು."

ಅಂಗಡಿಯವನ ಕೈಯಿಂದ ಮಸೂರ ಜಾರಿ ಮೇಜಿನ ಮೇಲೆ ಉರುಳಿತು. ಅವನು ಅದನ್ನು ಹಿಡಿಯಲೂ ಹೋಗಲಿಲ್ಲ. ಸುಮ್ಮನೆ ಬಗ್ಗಿ, ಮಸೂರಗಳ ಪೆಟ್ಟಿಗೆ ಇಡುವ ಕೆಳಗಿನ ಡ್ರಾಯರನ್ನು ಪೂರ್ತಿ ಹೊರಗೆಳೆದು, ಅದರ ತಳದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ನೋಟ್‌ಬುಕ್ ತೆಗೆದು ಆಕೆಯ ಮುಂದಿಟ್ಟ. ರಟ್ಟಿನ ಮೇಲೆ ಅಂಗೈಯಗಲ ಒಣಗಿದ ಮಸಿಯ ಕಲೆ.

"ಮಸಿ ಕುಡಿಕೆ ಉರುಳಿಸಿಬಿಟ್ಟೆ ಅಮ್ಮ. ಹೆದರಿ, ಕಳೆದುಹೋಯ್ತು ಅಂತ ಮೇಷ್ಟ್ರಿಗೆ ಸುಳ್ಳು ಹೇಳಿದೆ. ಹದಿಮೂರು ವರ್ಷದ ತಲೆ."

"ಅವರೇನಂದ್ರು?"

"'ಹೋಗ್ಲಿ ಬಿಡೋ, ಮುರಿದಿರೋದು ಕಾಲು, ತಲೆಯಲ್ವಲ್ಲ. ಎಲ್ಲಾ ತಲೇಲಿದೆ' ಅಂದ್ರು. ಆಮೇಲೆ ನಾಲ್ಕು ಸಲ ನನ್ನ ಹತ್ರಾನೇ ಕನ್ನಡಕ ಮಾಡಿಸಿದ್ರು. ನಾಲ್ಕು ಸಲಾನೂ ಇವತ್ತು ಹೇಳ್ತೀನಿ ಅಂದ್ಕೊಂಡೆ. ನಾಲಿಗೆ ಏಳಲಿಲ್ಲ." ಅವನು ಮುಖ ತಿರುಗಿಸಿಕೊಂಡ; ಕಣ್ಣೀರು ಕನ್ನಡಿಯಲ್ಲಿ ಕಂಡಿತು.

"ಅಳಬೇಡಪ್ಪ" ಎಂದಳು ಎಲ್ಲಿಂದಮ್ಮ. "ಲೈಬ್ರರಿ ಪುಸ್ತಕ ಇದಕ್ಕಿಂತ ತಡವಾಗಿ ವಾಪಸ್ ಬಂದಿದ್ದುಂಟು." ಅದು ಸುಳ್ಳು. ಮೂವತ್ತೊಂಬತ್ತು ವರ್ಷ ತಡವಾಗಿ ಯಾವ ಪುಸ್ತಕವೂ ಬಂದಿರಲಿಲ್ಲ.

ಆಕೆ ನೋಟ್‌ಬುಕ್ ತೆರೆದಳು. ಎಳೆಯ ವಯಸ್ಸಿನ ಮೇಷ್ಟ್ರ ಅಕ್ಷರ, ನೆಟ್ಟಗೆ, ಅವಸರವಿಲ್ಲದೆ. ಪುಟದ ಎಡಗಡೆ ಕೆಂಪು ಗೆರೆ. ಗೆರೆಯ ಈಚೆ ಊರಿಗೆಲ್ಲ ಗೊತ್ತಿದ್ದ ಟಿಪ್ಪಣಿ. ಗೆರೆಯ ಆಚೆ, ಮಾರ್ಜಿನ್ನಿನಲ್ಲಿ, ಪ್ರತಿ ಪುಟದಲ್ಲೂ ಮೇಲಿನಿಂದ ಕೆಳಗಿನವರೆಗೆ, ಎಳ್ಳಿನಷ್ಟು ಸಣ್ಣ ಅಕ್ಷರದಲ್ಲಿ ಬೇರೇನೋ ಇತ್ತು.

ಎರಡು ಜಡೆ ಮೂಗು ತಾಗುವಷ್ಟು ಬಗ್ಗಿದಳು. "ಟೀಚರ್! 'ಆಧಾರ' ಅಂತಿದೆ!"

"ಏನು? ಎಲ್ಲಿ?"

"ಎಲ್ಲಾ ಕಡೆ! ಇಲ್ಲಿ ನೋಡಿ, 'ತೊಗಟೆಯ ಸಂಗತಿ ಬಡಗಿ ಹೇಳಿದ್ದು, ಮಾಧ್ಯಮಿಕ ಶಾಲೆಯ ಬೆಂಚು ರಿಪೇರಿಗೆ ಬಂದಾಗ.' ಇಲ್ಲಿ, 'ಇರುವೆ ದಾರಿ ಬದಲಿಸುವುದು: ಶಾಲೆಯ ಮಾಲಿ ತೋರಿಸಿದ. ನಾನು ಮೂರು ದಿನ ನೋಡಿ ಖಚಿತ ಮಾಡಿಕೊಂಡೆ.'"

ಎಲ್ಲಿಂದಮ್ಮ ಅಂಗಡಿಯವನ ಕಡೆಗೆ ತಿರುಗಿದಳು. "ಇಷ್ಟೆಲ್ಲ ಇತ್ತಲ್ಲೋ. ಬೋರ್ಡ್ ಮೇಲೆ ಇದನ್ನ ಯಾಕೆ ಬರೀಲಿಲ್ಲ?"

ಅವನು ಅವಾಕ್ಕಾಗಿ ನೋಡಿದ. "ಮಾರ್ಜಿನ್ ಅಲ್ವಾ ಅಮ್ಮ! ಗೆರೆಯ ಆಚೆ ಟೀಚರ್ ಜಾಗ. ಅಲ್ಲಿ ಒಂದು ಚುಕ್ಕೆ ಇಟ್ಟರೂ ಮೇಷ್ಟ್ರೇ ಕಿವಿ ಹಿಂಡ್ತಿದ್ರು. ಅಲ್ಲಿರೋದನ್ನ ನಾವು ಓದಲೂಬಾರದು, ಬರೀಲೂಬಾರದು ಅಂದ್ಕೊಂಡಿದ್ದೆ."

ಮಕ್ಕಳಿಬ್ಬರೂ ಮುಖ ಮುಖ ನೋಡಿಕೊಂಡರು. ಅವರಿಗೂ ಅದೇ ಅಭ್ಯಾಸವಿತ್ತು. ಗೆರೆಯ ಆಚೆ ಅವರೂ ಬರೆಯುತ್ತಿರಲಿಲ್ಲ. ನಲವತ್ತು ವರ್ಷ ಊರಿನ ಮಕ್ಕಳು ಅಷ್ಟು ವಿಧೇಯರಾಗಿ, ಅಷ್ಟು ಅಚ್ಚುಕಟ್ಟಾಗಿ, ಮೇಷ್ಟ್ರು ಬರೆದದ್ದರಲ್ಲಿ ಅರ್ಧವನ್ನು ಬಿಟ್ಟು ಬರೆದುಕೊಂಡಿದ್ದರು.

"ಕಪ್ಪೆ ನೋಡಿ ಟೀಚರ್, ಕಪ್ಪೆ!" ವಕೀಲ ಕುಣಿಯತೊಡಗಿದ.

ಆಕೆಗೆ ಅಷ್ಟು ಸಣ್ಣ ಅಕ್ಷರ ಕಾಣಲಿಲ್ಲ. ಅಂಗಡಿಯವನು ಆಕೆಯ ಕನ್ನಡಕ ತೆಗೆದು ಬೆಳಕಿಗೆ ಹಿಡಿದು ನಾಲಿಗೆ ಚಪ್ಪರಿಸಿದ. "ಇದು ಯಾವ ಕಾಲದ್ದಮ್ಮ? ಬನ್ನಿ, ಕೂತ್ಕೊಳ್ಳಿ." ಕಣ್ಣು ಪರೀಕ್ಷೆಯ ದುಂಡನೆಯ ಚೌಕಟ್ಟನ್ನು ಮೂಗಿನ ಮೇಲೆ ಕೂರಿಸಿ, ಒಂದಾದ ಮೇಲೊಂದು ಮಸೂರ ಹಾಕಿದ. ಗೋಡೆಯ ಅಕ್ಷರ ಪಟದ ಬದಲು ಮೇಷ್ಟ್ರ ಮಾರ್ಜಿನ್ನನ್ನೇ ಎದುರಿಗೆ ಹಿಡಿದ. "ಇದರಲ್ಲಿ? ಇದರಲ್ಲಿ ಹೇಗಿದೆ?"

ಮೂರನೆಯ ಮಸೂರಕ್ಕೆ ಅಕ್ಷರಗಳು ತೊಳೆದಿಟ್ಟ ಹಾಗೆ ಎದ್ದು ನಿಂತವು. ಕಪ್ಪೆಯ ಪಕ್ಕದಲ್ಲಿ ಆ ಪ್ರಾಣಿಶಾಸ್ತ್ರದ ಪುಸ್ತಕದ ಹೆಸರು, ಬರೆದವರ ಹೆಸರು, ಪುಟ ನಲವತ್ತೊಂದು. ಕೆಳಗೆ: "ಅಕ್ಷರಶಃ ತೆಗೆದದ್ದು. ಇದಕ್ಕಿಂತ ಚೆನ್ನಾಗಿ ನನಗೆ ಬರೆಯಲು ಬಾರದು. ಗ್ರಂಥಕರ್ತರಿಗೆ ಕಾಗದ ಬರೆದು ಕೇಳಿದೆ. ತರಗತಿಗೆ ಮಾತ್ರ ಬಳಸಲು ಒಪ್ಪಿದ್ದಾರೆ. ಅಚ್ಚು ಹಾಕಕೂಡದು."

"ಕೇಳಿ ತಗೊಂಡಿದಾರೆ!" ಎಂದಳು ಎರಡು ಜಡೆ. "ಎರಡನೇ ನಿಯಮ!"

ಎಲ್ಲಿಂದಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, "ದೇವರೇ, ನೀನು ದೊಡ್ಡವನು" ಎಂದಳು. ಆಮೇಲೆ ತಾನೇ ಪುಟ ತಿರುವಿ ಹಕ್ಕಿಗಳ ಪಾಠಕ್ಕೆ ಬಂದಳು. ನಾಚಿಕೆಗುಬ್ಬಿಯ ಪಕ್ಕದಲ್ಲಿ ಮೂರು ಬೇರೆ ಬೇರೆ ಮಸಿಯಲ್ಲಿ ಮೂರು ಬರಹಗಳಿದ್ದವು.

"ಆಧಾರ: ನನ್ನ ಹೆಂಡತಿ. ಅಡುಗೆಮನೆಯ ಕಿಟಕಿ. ಮದುವೆಯಾದ ಹನ್ನೊಂದನೆಯ ದಿನ. ನಾನಿನ್ನೂ ಕಂಡಿಲ್ಲ, ಪರೀಕ್ಷಿಸಬೇಕು."

"ಒಂದು ವರ್ಷ ನೋಡಿದೆ. ಕಾಣಲಿಲ್ಲ."

"ಎರಡು ವರ್ಷ ನೋಡಿದೆ. ಗುಬ್ಬಿ ಹಾಗೆ ಮಾಡುವುದಿಲ್ಲ. ಬರೆದದ್ದನ್ನು ಹೊಡೆದುಹಾಕಲು ಮನಸ್ಸು ಬರಲಿಲ್ಲ. ಆಕೆಗೆ ಹೇಳಿಲ್ಲ."

ಆಕೆಗೆ ಆಗ ಎಲ್ಲವೂ ನೆನಪಾಯಿತು. ಒಂದೇ ಕೋಣೆಯ ಬಾಡಿಗೆ ಮನೆ. ಹೊಸ ಗಂಡನ ಎದುರಿಗೆ ಉಣ್ಣಲು ನಾಚಿಕೆಯಾಗಿ ದಿನವೂ ಗೋಡೆಯ ಕಡೆಗೆ ತಿರುಗಿ ಕೂರುತ್ತಿದ್ದಳು. ಹನ್ನೊಂದನೆಯ ದಿನ ಅವರು, "ಗೋಡೆ ಜೊತೆ ಊಟ ಮಾಡ್ತೀಯಾ? ಅದು ಮಾತಾಡ್ಸತ್ತಾ?" ಎಂದು ಕೆಣಕಿದರು. ಆಗಲೇ ಕಿಟಕಿಯ ಮೇಲೊಂದು ಗುಬ್ಬಿ ಅನ್ನದ ಅಗುಳು ಕಚ್ಚಿಕೊಂಡು ಆ ಕಡೆ ತಿರುಗಿತು. "ನೋಡಿ, ಅದೂ ನನ್ನ ಹಾಗೇನೇ. ಅದು ನಾಚಿಕೆಗುಬ್ಬಿ" ಎಂದು ಬಾಯಿಗೆ ಬಂದದ್ದು ಹೇಳಿ ಮರೆತಿದ್ದಳು. ಇಷ್ಟಕ್ಕೆ ಆ ಮನುಷ್ಯ ಎರಡು ವರ್ಷ ಗುಬ್ಬಿ ಕಾದಿದ್ದರು!

ಆಕೆ ನಗಲು ಶುರುಮಾಡಿದಳು. ನಗುತ್ತ ನಗುತ್ತ ಕಣ್ಣೀರು ಚೌಕಟ್ಟಿನೊಳಗೆ ತುಂಬಿ ಮಸೂರದ ಅಂಚಿನಿಂದ ಹರಿಯಿತು.

"ಅಮ್ಮ, ಕಣ್ಣಲ್ಲಿ ನೀರು ಬಂದ್ರೆ ನಂಬರ್ ಸರಿಯಾಗಿ ಸಿಗಲ್ಲ" ಎಂದ ಅಂಗಡಿಯವನು, ತನ್ನ ಕಣ್ಣನ್ನು ಮಸೂರ ಒರೆಸುವ ಬಟ್ಟೆಯಿಂದ ಒರೆಸಿಕೊಳ್ಳುತ್ತ.

ಸೋಮವಾರ ಬೆಳಿಗ್ಗೆ ಹೊಸ ಮೇಷ್ಟ್ರು ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ನಿಂತೇ ಓದಿದರು. ಗಂಟೆ ಹೊಡೆದದ್ದೂ ಅವರಿಗೆ ಕೇಳಲಿಲ್ಲ. ಮುಚ್ಚಿ ಎರಡೂ ಕೈಯಲ್ಲಿ ಹಿಡಿದು ಎಲ್ಲಿಂದಮ್ಮನಿಗೆ ವಾಪಸ್ ಕೊಟ್ಟರು.

"ಕಾಲೇಜಲ್ಲಿ ದೊಡ್ಡ ದೊಡ್ಡವರ ಹತ್ರ ಓದಿದೀನಮ್ಮ. ಬಡಗಿ ಹೆಸರಲ್ಲಿ ಆಧಾರ ಬರೆದೋರನ್ನ ನೋಡಿರಲಿಲ್ಲ. ತಪ್ಪಾಯ್ತು."

"ನೀವು ಕೇಳದೆ ಇದ್ದಿದ್ರೆ ಇದು ಡ್ರಾಯರಲ್ಲೇ ಇರ್ತಿತ್ತು. ಕೇಳಿದ್ದು ಒಳ್ಳೇದೇ ಆಯ್ತು."

ಹೆಡ್‌ಮೇಡಂ ಅಚ್ಚುಕೂಟಕ್ಕೆ ಫೋನ್ ಮಾಡಿ ಇನ್ನೂ ಎರಡು ವಾರ ಕೇಳಿದರು. ಪುಟದ ಎಡಕ್ಕೆ ಅಗಲವಾದ ಮಾರ್ಜಿನ್ ಬಿಡಬೇಕು, ಅದರಲ್ಲಿ ಆಧಾರಗಳು ಕೈಬರಹದಲ್ಲೇ ಬರಬೇಕು ಎಂದಾಯಿತು. ಬರೆಯುವ ಶಿಕ್ಷೆ ಕನ್ನಡಕದಂಗಡಿಯವನಿಗೆ. ಅವನು ಶಿಕ್ಷೆಯನ್ನು ಬಹುಮಾನದ ಹಾಗೆ ಸ್ವೀಕರಿಸಿ, ದಿನವೂ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಲೈಬ್ರರಿಯಲ್ಲಿ ಮಕ್ಕಳ ನಡುವೆ ಕೂತು ಬರೆದ. ಮಸಿ ಕುಡಿಕೆ ಹಿಡಿದುಕೊಳ್ಳಲೆಂದೇ ಒಬ್ಬರನ್ನು ನೇಮಿಸಲಾಗಿತ್ತು. ಕಪ್ಪೆಯ ಪಾಠ ಪುಸ್ತಕದಿಂದ ಹೊರಗೆ ಬಿತ್ತು. ಅಚ್ಚು ಹಾಕಕೂಡದು ಎಂದವರ ಮಾತು ಮಾತೇ. ಅದರ ಬದಲಿಗೆ ಏಳನೆಯ ತರಗತಿಯವರು ಶಾಲೆಯ ನಲ್ಲಿಯ ಕೆಳಗಿನ ಕಪ್ಪೆಯನ್ನು ನಾಲ್ಕು ದಿನ ಕಾದು ತಾವೇ ಒಂದು ಪಾಠ ಬರೆದರು. ಆಧಾರ: ಕಪ್ಪೆ.

ಉಳಿದದ್ದು ಗುಬ್ಬಿ.

"ಇಲ್ಲದ ಹಕ್ಕಿಯನ್ನ ವಿಜ್ಞಾನದ ಪುಸ್ತಕದಲ್ಲಿ ಹೇಗೆ ಹಾಕೋದು?" ಎಂದರು ಹೆಡ್‌ಮೇಡಂ.

"ಮೂರು ಬರಹವನ್ನೂ ಹಾಕಿದ್ರೆ ಸುಳ್ಳಾಗಲ್ಲ ಮೇಡಂ" ಎಂದರು ಹೊಸ ಮೇಷ್ಟ್ರು. "ನೋಡಿದೆ, ಕಾಣಲಿಲ್ಲ ಅಂತ ಬರೆಯೋದೇ ವಿಜ್ಞಾನ."

ವಕೀಲ ಎದ್ದು ನಿಂತ. "ಆದ್ರೆ ಆ ಮಾತು ಮೇಷ್ಟ್ರದಲ್ಲ. ಬೇರೆಯವರದು. ಕೇಳದೆ ಹಾಕೋ ಹಾಗಿಲ್ಲ" ಎಂದು ಜೇಬಿನಿಂದ ಒಂದು ಕಾಗದ ತೆಗೆದು, ಬಗ್ಗಿ, ಎಲ್ಲಿಂದಮ್ಮನ ಕೈಗಿತ್ತ. ಎರಡು ಜಡೆಯ ಅಕ್ಷರ, ವಕೀಲನ ಭಾಷೆ: "ನಾಚಿಕೆಗುಬ್ಬಿಯ ಮೂಲ ಕರ್ತೃವಾದ ತಮ್ಮಲ್ಲಿ ಏಳನೆಯ ತರಗತಿಯ ವಿನಂತಿ. ಸದರಿ ಗುಬ್ಬಿಯನ್ನು ಅಚ್ಚು ಹಾಕಲು ಅನುಮತಿ ಕೊಡಬೇಕು. ಷರತ್ತುಗಳಿದ್ದರೆ ತಿಳಿಸುವುದು."

ಎಲ್ಲಿಂದಮ್ಮ ಹೊಸ ಕನ್ನಡಕದಿಂದ ಅದನ್ನು ಎರಡು ಸಲ ಓದಿದಳು.

"ಷರತ್ತು ಒಂದಿದೆ. 'ಆಕೆಗೆ ಹೇಳಿಲ್ಲ' ಅನ್ನೋದನ್ನ ಯಾರೂ ಬಿಡಕೂಡದು."

"ಕೊಟ್ಟೆವು!" ಎಂದು ವಕೀಲ ಕೂಗಿದ, ಯಾರು ಯಾರಿಗೆ ಕೊಟ್ಟರೆಂದು ಯಾರೂ ಕೇಳಲಿಲ್ಲ. ಆಕೆ ಸಹಿ ಹಾಕಿದಳು.

ಪುಸ್ತಕ ವರ್ಷ ತುಂಬುವ ದಿನದ ಹಿಂದಿನ ದಿನವೇ ಬಂತು. ರಟ್ಟಿನ ಮೇಲೆ ಮೇಷ್ಟ್ರ ಹೆಸರು ದಪ್ಪ ಅಕ್ಷರದಲ್ಲಿತ್ತು. ಎಲ್ಲಿಂದಮ್ಮ ಮೊದಲ ಪ್ರತಿಯನ್ನು ದೇವರ ಮುಂದಿಟ್ಟು ನಮಸ್ಕಾರ ಮಾಡಿದಳು. "ಕಣ್ಣಿಗೆ ಬೀಳಿಸು ಅಂದೆ, ಕಣ್ಣನ್ನೂ ಸರಿ ಮಾಡಿಕೊಟ್ಟೆ" ಎಂದಳು. ಆಮೇಲೆ ಮಸಿಯ ಕಲೆಯ ನೋಟ್‌ಬುಕ್ಕನ್ನು ಅಡುಗೆಮನೆಗೆ ಒಯ್ದು, ತಟ್ಟೆಗೆ ಅನ್ನ ಬಡಿಸಿಕೊಂಡು, ಕಿಟಕಿಗೆ ಎದುರಾಗಿ ಕೂತಳು. ನಾಲ್ಕು ಅಗುಳನ್ನು ಕಿಟಕಿಯ ಮೇಲೆ ಹಾಕಿದಳು.

ಬಹಳ ಹೊತ್ತು ಕಾಯಬೇಕಾಗಲಿಲ್ಲ. ಗುಬ್ಬಿಯೊಂದು ಬಂದು ಕೂತಿತು. ಅತ್ತ ಇತ್ತ ನೋಡಿತು. ಆಕೆಯ ಮುಖವನ್ನೇ ದಿಟ್ಟಿಸುತ್ತ, ಒಂದಿಷ್ಟೂ ಸಂಕೋಚವಿಲ್ಲದೆ, ನಾಲ್ಕೂ ಅಗುಳನ್ನು ತಿಂದು, ಇನ್ನೂ ಬೇಕೆಂಬಂತೆ ಕತ್ತು ಕೊಂಕಿಸಿ ನಿಂತಿತು.

"ಮೇಷ್ಟ್ರು ಹೇಳಿದ್ದೇ ಸರಿ ಬಿಡು" ಎಂದು ಎಲ್ಲಿಂದಮ್ಮ ಅದಕ್ಕೆ ಹೇಳಿದಳು. ಬಲಗೈ ಎಂಜಲಾಗಿದ್ದರಿಂದ ಎಡಗೈಯಲ್ಲಿ ಪೆನ್ನು ತೆಗೆದುಕೊಂಡು, ಜೀವನದಲ್ಲಿ ಮೊದಲ ಸಲ ಕೆಂಪು ಗೆರೆಯ ಆಚೆಗೆ ಕೈ ಚಾಚಿ, ಮೂರು ಬರಹಗಳ ಕೆಳಗೆ ಸೊಟ್ಟ ಸೊಟ್ಟಗೆ ನಾಲ್ಕನೆಯದನ್ನು ಬರೆದಳು: "ನಾನೂ ನೋಡಿದೆ. ಹಾಗೆ ಮಾಡುವುದಿಲ್ಲ. ನನಗೆ ಈಗ ಗೊತ್ತು."

ಮಕ್ಕಳು ಬಿಡುವವರಲ್ಲ ಎಂದು ನೆನಪಾಗಿ, ಕೆಳಗೆ ತಾರೀಕನ್ನೂ ಹಾಕಿದಳು.